ಶಿಮ್ ಆಯ್ಕೆ: ದಪ್ಪಕ್ಕಿಂತ ಮೊದಲು ಮೆಟೀರಿಯಲ್ ನೋಡಿ

ಶಿಮ್ ಎಂದರೆ ಯಂತ್ರದ ಪಾದ ಅಥವಾ ಪೈಪ್‌ನ ಅಡಿಯ ಸಂದು ತುಂಬಲು ಇಡುವ ತೆಳು ಹಾಳೆ. ಅದು ಇಟ್ಟ ದಿನ ಎಷ್ಟು ದಪ್ಪವಿತ್ತೋ ವರ್ಷಗಳ ನಂತರವೂ ಅಷ್ಟೇ ಇರಬೇಕು. ಭಾರಕ್ಕೆ ಕುಗ್ಗುವ, ತುಕ್ಕು ಹಿಡಿದು ಉಬ್ಬುವ, ಬಿಸಿಗೆ ಮೆತ್ತಗಾಗುವ ಶಿಮ್ ಎಷ್ಟೇ ನಿಖರವಾಗಿ ಕತ್ತರಿಸಿದ್ದರೂ ವ್ಯರ್ಥ.

ಮೋಟಾರ್, ಪಂಪ್, ಗೇರ್‌ಬಾಕ್ಸ್‌ಗಳ ಪಾದದಡಿಗೆ ಸಾಮಾನ್ಯವಾಗಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಕು. ಸಮುದ್ರದ ಗಾಳಿ ಅಥವಾ ಕ್ಲೋರೈಡ್ ಇರುವಲ್ಲಿ 316 ದರ್ಜೆಯದು ಹಾಕಿ. ಮೈಲ್ಡ್ ಸ್ಟೀಲ್ ಅಗ್ಗ, ಆದರೆ ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಪಾದ ಮೇಲೇಳುತ್ತದೆ. ಹಿತ್ತಾಳೆಯನ್ನು ಕತ್ತರಿಸುವುದು ಸುಲಭ, ಆದರೆ ತೇವವಿದ್ದರೆ ಅದಕ್ಕೆ ತಗುಲಿದ ಉಕ್ಕು ಬೇಗ ಸವೆಯುತ್ತದೆ.

ಶಿಮ್ ಹಾಕುವ ಮೊದಲು ಸಾಫ್ಟ್ ಫೂಟ್ (ಯಂತ್ರದ ಪಾದ ತಳಕ್ಕೆ ಸರಿಯಾಗಿ ಕೂರದಿರುವುದು) ಪರೀಕ್ಷೆ ಮಾಡಲೇಬೇಕು. ಎಲ್ಲ ಬೋಲ್ಟ್ ಬಿಗಿ ಮಾಡಿ, ಒಂದು ಪಾದದ ಮೇಲೆ ಡಯಲ್ ಗೇಜ್ (ಸೂಕ್ಷ್ಮ ಚಲನೆಯನ್ನು ಮುಳ್ಳಿನಲ್ಲಿ ತೋರಿಸುವ ಮಾಪಕ) ಕೂರಿಸಿ ಸೊನ್ನೆಗೆ ತನ್ನಿ, ಆ ಪಾದದ ಬೋಲ್ಟ್ ಮಾತ್ರ ಸಡಿಲಿಸಿ. ಮುಳ್ಳು 0.05 ಮಿ.ಮೀ.ಗಿಂತ ಹೆಚ್ಚು ಸರಿದರೆ ಅಲ್ಲಿ ಸಂದು ಇದೆ. ಫೀಲರ್ ಗೇಜ್‌ನಿಂದ (ಸಂದು ಅಳೆಯುವ ತೆಳು ಪಟ್ಟಿಗಳ ಕಟ್ಟು) ಆ ಪಾದದ ನಾಲ್ಕೂ ಮೂಲೆ ಅಳೆಯಿರಿ. ಒಂದು ಮೂಲೆಯಲ್ಲಿ 0.20 ಮಿ.ಮೀ., ಎದುರು ಮೂಲೆಯಲ್ಲಿ ಸೊನ್ನೆ ಬಂದರೆ ಪಾದವೇ ಓರೆಯಾಗಿದೆ. ಚಪ್ಪಟೆ ಶಿಮ್ ಅದನ್ನು ಸರಿಪಡಿಸದು. ಮೆಷಿನಿಂಗ್ ಮಾಡಿಸಿ, ಇಲ್ಲವೇ ಮೆಟ್ಟಿಲಿನಂತೆ ಶಿಮ್ ಜೋಡಿಸಿ.

ಒಂದು ಪಾದದಡಿ ಮೂರು, ಹೆಚ್ಚೆಂದರೆ ನಾಲ್ಕು ಶಿಮ್. ಎಂಟು ತೆಳು ಹಾಳೆ ಪೇರಿಸಿದರೆ ಸ್ಪ್ರಿಂಗ್‌ನಂತೆ ವರ್ತಿಸುತ್ತವೆ, ಕಂಪನ ಹೆಚ್ಚುತ್ತದೆ. ತೆಳುವಾದವನ್ನು ದಪ್ಪನೆಯವುಗಳ ನಡುವೆ ಇಡಿ. ಅಂಚಿನ ಬರ್ (ಕತ್ತರಿಸಿದಾಗ ಉಳಿಯುವ ಚೂಪು ಮುಳ್ಳು) ಉಜ್ಜಿ ತೆಗೆಯಿರಿ. ಮೇಲೆ ಅಚ್ಚಾದ ಅಳತೆಯನ್ನು ನಂಬದೆ ಪ್ರತಿಯೊಂದನ್ನೂ ಮೈಕ್ರೋಮೀಟರ್‌ನಲ್ಲಿ ನೋಡಿ.

ಪೈಪ್‌ಲೈನ್‌ನ ಲೆಕ್ಕವೇ ಬೇರೆ, ಇಲ್ಲಿ ಪೈಪ್ ಹಿಗ್ಗುತ್ತದೆ, ಸರಿಯುತ್ತದೆ. ಕಾರ್ಬನ್ ಸ್ಟೀಲ್ ಪೈಪ್ 10 ಮೀಟರ್ ಉದ್ದಕ್ಕೆ, 100 ಡಿಗ್ರಿ ಬಿಸಿ ಏರಿದರೆ ಸುಮಾರು 12 ಮಿ.ಮೀ. ಬೆಳೆಯುತ್ತದೆ. ಜಾರುವ ಸಪೋರ್ಟ್‌ಗೆ ಪಿಟಿಎಫ್‌ಇ (ಟೆಫ್ಲಾನ್) ಒಳ್ಳೆಯದು. ಅದರ ಮಿತಿ 260 ಡಿಗ್ರಿ ಸೆಲ್ಸಿಯಸ್ ಎಂದಿದ್ದರೂ ಭಾರ ಹೆಚ್ಚಿದರೆ ಅದಕ್ಕೂ ಎಷ್ಟೋ ಮೊದಲೇ ಹಿಂಡಿದಂತೆ ಹೊರಚಾಚುತ್ತದೆ; ಆದ್ದರಿಂದ ಉಕ್ಕಿನ ತಟ್ಟೆಯ ಗುಳಿಯಲ್ಲಿ ಕೂರಿಸಿದ್ದನ್ನೇ ಆರಿಸಿ. ನೈಲಾನ್ ನೀರು ಹೀರಿ ಉಬ್ಬುತ್ತದೆ.

ಸ್ಟೇನ್‌ಲೆಸ್ ಪೈಪ್‌ಗೆ ಗ್ಯಾಲ್ವನೈಸ್ಡ್ (ಸತು ಲೇಪಿಸಿದ) ಶಿಮ್ ತಾಗಿಸಬೇಡಿ. ಸತು ಸುಮಾರು 420 ಡಿಗ್ರಿಗೆ ಕರಗುತ್ತದೆ. ಬೆಂಕಿ ಅಥವಾ ವೆಲ್ಡಿಂಗ್‌ನ ಶಾಖದಲ್ಲಿ ಅದು ಒಳನುಗ್ಗಿ ಪೈಪ್ ಬಿರುಕು ಬಿಡಬಹುದು. ಕ್ಯಾಥೋಡಿಕ್ ಪ್ರೊಟೆಕ್ಷನ್ (ತುಕ್ಕು ತಡೆಯಲು ಕರೆಂಟ್ ಹರಿಸುವ ವ್ಯವಸ್ಥೆ) ಇರುವ ಪೈಪ್‌ಗೆ ಲೋಹದ ಶಿಮ್ ಬೇಡ, ರಕ್ಷಣೆಯ ಕರೆಂಟ್ ಸಪೋರ್ಟ್ ಮೂಲಕ ಸೋರುತ್ತದೆ. ಅಲ್ಲಿ ಗ್ಲಾಸ್ ಫೈಬರ್ ಎಪಾಕ್ಸಿ ಶೀಟ್ ಬಳಸಿ.

ಫ್ಲ್ಯಾಂಜ್‌ಗಳ (ಪೈಪ್ ತುದಿಗಳನ್ನು ಬೋಲ್ಟ್‌ನಿಂದ ಜೋಡಿಸುವ ಅಗಲ ಬಳೆಗಳ) ನಡುವಿನ ಸಂದಿಗೆ ಮಾತ್ರ ಶಿಮ್ ತೂರಿಸಬೇಡಿ. ನಡುವಿನ ಗ್ಯಾಸ್ಕೆಟ್ (ಸೋರಿಕೆ ತಡೆಯುವ ಪದರ) ಮೇಲಿನ ಒತ್ತಡ ಏರುಪೇರಾಗಿ ಸೋರಿಕೆ ಖಚಿತ. ಪೈಪನ್ನು ಸಪೋರ್ಟ್‌ನಲ್ಲೇ ಎತ್ತಿ ಅಥವಾ ಇಳಿಸಿ, ಫ್ಲ್ಯಾಂಜ್‌ಗಳು ಬೋಲ್ಟ್ ಎಳೆಯದೆಯೇ ಎದುರುಬದುರು ಕೂರುವಂತೆ ಮಾಡಿ.