ಜಾಸ್ತಿ ಕಟ್ಟಿದ ಆಮದು ಸುಂಕ ವಾಪಸ್ ಪಡೆಯುವುದು ಹೇಗೆ?

ಮುಂಬಯಿಯಲ್ಲಿ ಮಾಟುಂಗಾದಿಂದ ಡೊಂಬಿವಿಲಿವರೆಗೆ ನಮ್ಮವರ ಹೋಟೆಲುಗಳಲ್ಲಿ ಈಗ ವಿದೇಶಿ ಓವನ್, ಕಾಫಿ ಮಷೀನು ಕಾಣುತ್ತವೆ. ತರಿಸಿ ಮಾರುವವರೂ ನಮ್ಮಲ್ಲಿದ್ದಾರೆ. ಅಂಥವರ ಲೆಕ್ಕ ನೋಡುವುದು ನನ್ನ ಕೆಲಸ. ಸುಂಕ ಜಾಸ್ತಿ ಕಟ್ಟಿ, ರೀಫಂಡ್ ಮಂಜೂರಾದ ಮೇಲೂ ಹಣ ಕೈಗೆ ಬಾರದೆ ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಿಲ್ ಆಫ್ ಎಂಟ್ರಿ (ಮಾಲಿನ ಬೆಲೆ, ಸುಂಕ ತೋರಿಸಿ ಕಸ್ಟಮ್ಸ್‌ಗೆ ಕೊಡುವ ದಾಖಲೆ) ಮತ್ತು ಇನ್‌ವಾಯ್ಸ್ ಪಕ್ಕಪಕ್ಕ ಇಟ್ಟು ನೋಡಿ. ಎಷ್ಟೋ ಸಲ ಹಡಗಿನ ಬಾಡಿಗೆ ಇನ್‌ವಾಯ್ಸ್‌ನಲ್ಲೇ ಸೇರಿರುತ್ತದೆ. ಮಾಲು ಬಿಡಿಸುವ ಏಜೆಂಟ್ ಅದನ್ನು ಗಮನಿಸದೆ, ಬಾಡಿಗೆ ಎಂದು ಮಾಲಿನ ಬೆಲೆಯ 20% ಇನ್ನೊಮ್ಮೆ ಸೇರಿಸಿಬಿಡುತ್ತಾನೆ, ಸುಂಕವೂ ಏರುತ್ತದೆ. ಈ ತಪ್ಪು ನನಗೆ ಮತ್ತೆ ಮತ್ತೆ ಸಿಕ್ಕಿದೆ.

ತಪ್ಪು ಸಿಕ್ಕ ಕೂಡಲೇ ರೀಫಂಡ್ ಅರ್ಜಿ ಬರೆಯಲು ಕೂರಬೇಡಿ. ಬಿಲ್ ಆಫ್ ಎಂಟ್ರಿ ತಿದ್ದಿಸದೆ ರೀಫಂಡ್ ಇಲ್ಲ ಎಂದು 2019ರಲ್ಲಿ ಐಟಿಸಿ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬರೀ ಬರವಣಿಗೆಯ ತಪ್ಪಾದರೆ ಕಸ್ಟಮ್ಸ್ ಕಾಯ್ದೆಯ 154ನೇ ಸೆಕ್ಷನ್, ದಾಖಲೆ ತೋರಿಸಿ ತಿದ್ದಿಸುವುದಾದರೆ 149. ಮಾಲು ಬಿಡಿಸುವಾಗಲೇ ಇದ್ದ ದಾಖಲೆ ಮಾತ್ರ 149ಕ್ಕೆ ನಡೆಯುತ್ತದೆ. ಆಮೇಲೆ ಸಪ್ಲೈಯರ್‌ನಿಂದ ಬರೆಸಿ ತಂದ ಪತ್ರ ಉಪಯೋಗಕ್ಕೆ ಬರುವುದಿಲ್ಲ. ರೀಫಂಡ್ ಕೇಳಲು ಸುಂಕ ಕಟ್ಟಿದ ದಿನದಿಂದ 1 ವರ್ಷ ಗಡುವು. ತಿದ್ದುಪಡಿಗೇ ತಿಂಗಳುಗಳು ಹೋಗುತ್ತವೆ, ಆದ್ದರಿಂದ ತಡ ಮಾಡಬೇಡಿ. ಕಟ್ಟುವಾಗಲೇ ಅನುಮಾನವಿದ್ದರೆ ಪ್ರತಿಭಟನೆಯೊಂದಿಗೆ, ಅಂದರೆ 'ಅಂಡರ್ ಪ್ರೊಟೆಸ್ಟ್' ಎಂದು ಬರೆದು ಕಟ್ಟಿ. ಆಗ ಈ ಗಡುವು ತಾಗುವುದಿಲ್ಲ.

ಇನ್ನು ಜನ ಎಡವುವ ಜಾಗ. ನೀವು ಕಟ್ಟಿದ ಸುಂಕವನ್ನು ಗಿರಾಕಿಯ ಬೆಲೆಗೆ ಸೇರಿಸಿ ವಸೂಲಿ ಮಾಡಿದ್ದೀರಿ ಎಂದೇ ಕಾನೂನು ಮೊದಲು ನಂಬುತ್ತದೆ. ಇಲ್ಲ ಎಂದು ತೋರಿಸುವ ಹೊಣೆ ನಿಮ್ಮದು. ತೋರಿಸಲಾಗದಿದ್ದರೆ ಮಂಜೂರಾದ ಹಣ ಗ್ರಾಹಕ ಕಲ್ಯಾಣ ನಿಧಿಗೆ ಹೋಗುತ್ತದೆ. 'ಮಾರಿಲ್ಲ, ನಾವೇ ಬಳಸುತ್ತಿದ್ದೇವೆ' ಅಂದರೂ ಬಿಡುವುದಿಲ್ಲ. ಹೋಟೆಲಿನ ಓವನ್‌ಗೂ ಇದೇ ಪ್ರಶ್ನೆ ಬರುತ್ತದೆ. ವ್ಯಕ್ತಿಯೊಬ್ಬರು ಸ್ವಂತ ಬಳಕೆಗೆ ತರಿಸಿದ್ದಕ್ಕೆ ಮಾತ್ರ ವಿನಾಯಿತಿ.

ಹಾಗಾಗಿ ತಪ್ಪು ಗೊತ್ತಾದ ದಿನವೇ ಆ ಮೊತ್ತವನ್ನು ಖರ್ಚಿನಿಂದ ತೆಗೆದು, 'ಕಸ್ಟಮ್ಸ್‌ನಿಂದ ಬರಬೇಕಾದದ್ದು' ಎಂದು ಬ್ಯಾಲೆನ್ಸ್ ಶೀಟ್‌ನಲ್ಲಿ ತೋರಿಸಿ. ಅಧಿಕಾರಿ ಮೊದಲು ನೋಡುವುದೇ ಇದನ್ನು. ಲಾಭ-ನಷ್ಟದ ಖಾತೆಯಲ್ಲಿ ಖರ್ಚಾಗಿ ಕೂತಿದ್ದರೆ, ಬೆಲೆಯೊಳಗೆ ಸೇರಿಹೋಗಿದೆ ಎಂದೇ ಲೆಕ್ಕ. ಒಬ್ಬ ವ್ಯಾಪಾರಿ ವರ್ಷದ ಲೆಕ್ಕ ಮುಚ್ಚಿದ ಮೇಲೆ ನನ್ನ ಹತ್ತಿರ ಬಂದರು. ಎಷ್ಟು ಕಾಗದ ಕೊಟ್ಟರೂ ಆ ಒಂದು ಸಾಲನ್ನು ದಾಟಲು ಆಗಲಿಲ್ಲ. ಆಮದಿನ ಮೊದಲು ಮತ್ತು ನಂತರದ ಮಾರಾಟದ ಬಿಲ್ಲುಗಳನ್ನೂ ಇಟ್ಟುಕೊಳ್ಳಿ. ಬೆಲೆ ಏರಿಲ್ಲ ಎಂದು ಅವು ಹೇಳುತ್ತವೆ. ಆದರೆ ಬರೀ ಅದನ್ನೇ ನಂಬಿ ಕೂರಬೇಡಿ.

ಸುಂಕವನ್ನು ಗಿರಾಕಿಯಿಂದ ವಸೂಲಿ ಮಾಡಿಲ್ಲ ಎಂಬ ಸಿಎ ಸರ್ಟಿಫಿಕೇಟ್ ಬೇಕೇ ಬೇಕು. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಒಂದು ಸಾಲಿನ ರೆಡಿಮೇಡ್ ನಮೂನೆಗೆ ಸಹಿ ಹಾಕಿಸಬೇಡಿ. ಯಾವ ಲೆಡ್ಜರ್ ನೋಡಿದರು, ಯಾವ ಬಿಲ್ ಆಫ್ ಎಂಟ್ರಿ, ಮೊತ್ತ ಯಾವ ಖಾತೆಯಲ್ಲಿದೆ ಎಂದೆಲ್ಲ ಅದರಲ್ಲಿ ಬರೆದಿರಬೇಕು. ನಿಮ್ಮ ಲೆಕ್ಕ ತಪಾಸಣೆ ಮಾಡುವ ಸಿಎ ಕೈಯಲ್ಲೇ ಬರೆಸಿ, ಹೊರಗಿನವರು ಬೇಡ.

ಉಳಿದದ್ದು ಸುಲಭ. ಮಾಲು ನ್ಹಾವಾ ಶೇವಾ ಬಂದರಿನಲ್ಲಿ ಇಳಿದಿದ್ದರೆ ಅಲ್ಲಿನ ಜವಾಹರಲಾಲ್ ನೆಹರು ಕಸ್ಟಮ್ ಹೌಸ್, ವಿಮಾನದಲ್ಲಿ ಬಂದಿದ್ದರೆ ಸಹಾರ್ ವಿಮಾನ ನಿಲ್ದಾಣದ ಕಸ್ಟಮ್ಸ್ ಕಚೇರಿ. ಅರ್ಜಿ, ಚಲನ್, ಇನ್‌ವಾಯ್ಸ್, ತಿದ್ದಿದ ಬಿಲ್ ಆಫ್ ಎಂಟ್ರಿ, ಸರ್ಟಿಫಿಕೇಟ್, ಬ್ಯಾಂಕ್ ವಿವರ ಕೊಡಿ. ಐಜಿಎಸ್‌ಟಿ (ಆಮದಿನ ಮೇಲೆ ಬೀಳುವ ಜಿಎಸ್‌ಟಿ) ಕ್ರೆಡಿಟ್ ತೆಗೆದುಕೊಂಡಿದ್ದರೆ ಅದನ್ನು ಇಲ್ಲಿ ಮತ್ತೆ ಕೇಳಬೇಡಿ.

ಸ್ವೀಕೃತಿ ಪತ್ರವನ್ನು ಏಜೆಂಟ್ ಹತ್ತಿರ ಬಿಡದೆ ನೀವೇ ಇಟ್ಟುಕೊಳ್ಳಿ. ಅರ್ಜಿ ತಲುಪಿ 3 ತಿಂಗಳಲ್ಲಿ ಹಣ ಬಾರದಿದ್ದರೆ, ಆಮೇಲಿನ ದಿನಗಳಿಗೆ 6% ಬಡ್ಡಿ ನಿಮ್ಮ ಹಕ್ಕು. ಅದನ್ನೂ ಬರವಣಿಗೆಯಲ್ಲೇ ಕೇಳಿ.