ಕಾರ್ಡ್ ಟೆಸ್ಟ್ ಮೊದಲು, ಕಥೆ ಆಮೇಲೆ

ಬಸಿರು ನಿಲ್ಲಬೇಕಾದ್ದು ಗರ್ಭಕೋಶದಲ್ಲಿ. ನೂರರಲ್ಲಿ ಒಂದೆರಡು ಮಾತ್ರ ಅಲ್ಲಿಗೆ ತಲುಪದೆ ಬೇರೆ ಕಡೆ ಕೂರುತ್ತವೆ. ಎಕ್ಟೋಪಿಕ್ ಅಂದರೆ ಇದೇ. ಹೀಗೆ ಕೂತವುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ಸಿಗುವುದು ಅಂಡಾಶಯದ ಕಡೆಯಿಂದ ಗರ್ಭಕೋಶಕ್ಕೆ ಬರುವ ಟ್ಯೂಬಿನಲ್ಲೇ. ಟ್ಯೂಬಿನ ಗೋಡೆ ತೆಳು, ಗರ್ಭಕೋಶದ ಹಾಗೆ ಹಿಗ್ಗುವುದಿಲ್ಲ. ಆರೆಂಟು ವಾರದ ಹೊತ್ತಿಗೆ ಒಡೆದರೆ ರಕ್ತವೆಲ್ಲ ಹೊಟ್ಟೆಯೊಳಗೇ ತುಂಬಿಕೊಳ್ಳುತ್ತದೆ. ಹೊರಗೆ ಕಾಣುವುದು ಕಂದುಬಣ್ಣದ ನಾಲ್ಕು ಹನಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರಾಗಿ ನಾನು ಇಟ್ಟುಕೊಂಡ ನಿಯಮ ಒಂದೇ. ಮುಟ್ಟಾಗುವ ವಯಸ್ಸಿನ ಹೆಂಗಸು ಹೊಟ್ಟೆನೋವು ಅಂತಲೋ, ತಲೆಸುತ್ತು ಬಂದು ಬಿದ್ದೆ ಅಂತಲೋ ಬಂದರೆ ಮೊದಲು ಬಸಿರು ಇದೆಯೋ ಇಲ್ಲವೋ ಹೇಳುವ ಮೂತ್ರದ ಕಾರ್ಡ್ ಟೆಸ್ಟ್. ಅವರು ಏನೇ ಹೇಳಲಿ, ಜೊತೆಗೆ ಬಂದವರು ಏನೇ ಹೇಳಲಿ. ಐದು ನಿಮಿಷದ ಕೆಲಸ, ಖರ್ಚೂ ಇಲ್ಲ.

ಯಾಕೆ ಇಷ್ಟು ಹಟ ಅಂದರೆ, ನಮ್ಮ ಕಡೆ ದಾರಿ ತಪ್ಪಿಸುವ ಮಾತುಗಳು ಜಾಸ್ತಿ. "ಆಪರೇಷನ್ ಆಗಿದೆಯಲ್ಲ ಮೇಡಂ, ಬಸಿರು ಎಲ್ಲಿಂದ ಬರುತ್ತೆ?" ಅಂತ ಅತ್ತೆ ಕೇಳುತ್ತಾರೆ. ಸಂತಾನಹರಣ ಚಿಕಿತ್ಸೆ ವಿಫಲವಾಗುವುದು ಅಪರೂಪ, ನಿಜ. ಆದರೆ ವಿಫಲವಾಗಿ ಬಸಿರಾದರೆ ಸುಮಾರು ಮೂರರಲ್ಲೊಂದು ಟ್ಯೂಬಿನಲ್ಲೇ ಇರುತ್ತದೆ. ಹಾಗಾಗಿ "ಆಪರೇಷನ್ ಆಗಿದೆ" ಅಂದಾಗ ನನ್ನ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಇನ್ನೊಂದು, ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗುವ ಗರ್ಭಪಾತದ ಮಾತ್ರೆ. ಅದು ಕೆಲಸ ಮಾಡುವುದು ಗರ್ಭಕೋಶದ ಮೇಲೆ. ಒಳಪದರ ಕಳಚಿ ರಕ್ತ ಹೋಗುತ್ತದೆ, ಎಲ್ಲಾ ಮುಗಿಯಿತು ಅಂದುಕೊಂಡು ಅವರು ಹೊಲದ ಕೆಲಸಕ್ಕೆ ಹೋಗುತ್ತಾರೆ. ಟ್ಯೂಬಿನಲ್ಲಿರುವುದು ಮಾತ್ರ ಬೆಳೆಯುತ್ತಲೇ ಇರುತ್ತದೆ. ಮಾತ್ರೆಗೆ ಮುಂಚೆ ಒಂದು ಸ್ಕ್ಯಾನ್ ಆಗಿದ್ದರೆ ಅರ್ಧ ಗಂಟೆಯಲ್ಲಿ ಗೊತ್ತಾಗುತ್ತಿತ್ತು ಅಲ್ವಾ? ಈ ಮಾತ್ರೆ ಚೀಟಿಯಿಲ್ಲದೆ ಕೈಗೆ ಸಿಗುವುದನ್ನು ನೋಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಒಬ್ಬಾಕೆ ಬಂದದ್ದು ಬಲಭುಜ ಹಿಡಿದುಕೊಂಡು. ಮಲಗಿದರೆ ಭುಜ ನೋಯುತ್ತೆ, ಕೂತರೆ ಕಡಿಮೆ ಅನ್ನುತ್ತಿದ್ದಳು. ಊರಿನ ಕ್ಲಿನಿಕ್ಕಿನಲ್ಲಿ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಕೊಟ್ಟು ಕಳಿಸಿದ್ದರು. ಬಿಪಿ 100/70, ಹಿಮೋಗ್ಲೋಬಿನ್ 10. ನೋಡಲು ಗಾಬರಿಪಡುವಂಥದ್ದೇನಿಲ್ಲ. ಆದರೆ ಪಲ್ಸ್ 120 ದಾಟಿತ್ತು, ಅಂಗೈ ತಣ್ಣಗಿತ್ತು. ಚಿಕ್ಕ ವಯಸ್ಸಿನ ಹೆಂಗಸರ ಬಿಪಿ ಬಹಳ ಹೊತ್ತು ತಡೆದುಕೊಂಡು ಆಮೇಲೆ ಒಮ್ಮೆಲೇ ಕುಸಿಯುತ್ತದೆ. ಆಗಷ್ಟೇ ಸುರಿದ ರಕ್ತ ಹಿಮೋಗ್ಲೋಬಿನ್ ಲೆಕ್ಕದಲ್ಲಿ ಕೂಡಲೇ ಕಾಣುವುದೂ ಇಲ್ಲ. ಇನ್ನು ಭುಜದ ನೋವು. ಹೊಟ್ಟೆಯ ರಕ್ತ ಮೇಲೇರಿ ಎದೆ-ಹೊಟ್ಟೆಯ ನಡುವಿನ ಪರದೆಯಾದ ವಪೆಗೆ ತಾಗಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಕಾರ್ಡಿನಲ್ಲಿ ಎರಡು ಗೆರೆ. ಸ್ಕ್ಯಾನಿನಲ್ಲಿ ಗರ್ಭಕೋಶ ಖಾಲಿ, ಲಿವರ್ ಮತ್ತು ಬಲ ಕಿಡ್ನಿಯ ನಡುವೆ ಕಪ್ಪು ಪಟ್ಟಿ, ಅಂದರೆ ಅಲ್ಲಿಯವರೆಗೂ ರಕ್ತ. ಅಷ್ಟು ಸಾಕು. ಇಂಥ ಹೊತ್ತಲ್ಲಿ ಬೇರೆ ವರದಿಗಾಗಿ ನಾನು ಕಾಯುವುದಿಲ್ಲ.

ಎರಡೂ ಕೈಗೆ ದಪ್ಪ ಸೂಜಿ, ಡ್ರಿಪ್ಸ್, ರಕ್ತಕ್ಕೆ ಚೀಟಿ, ಮೂತ್ರಕ್ಕೆ ಕ್ಯಾಥೆಟರ್ ನಳಿಕೆ. ಅಷ್ಟರಲ್ಲೇ ಮನೆಯವರ ಜೊತೆ ಮಾತು. "ಮಗು ಉಳಿಸಿಕೊಡಿ ಡಾಕ್ಟ್ರೇ" ಅಂತ ಗಂಡ ಕೈಮುಗಿದ. "ಆ ಜಾಗದಲ್ಲಿ ಮಗು ಬೆಳೆಯಲ್ಲಪ್ಪಾ, ಈಗ ಇವಳನ್ನ ಉಳಿಸಬೇಕು" ಅಂದು ಸಹಿ ಹಾಕಿಸಿಕೊಂಡೆ.

ಬೆನ್ನಿಗೆ ಕೊಡುವ ಸ್ಪೈನಲ್ ಅರಿವಳಿಕೆ ಕೊಟ್ಟರೆ ಬಿಪಿ ಇನ್ನೂ ಇಳಿಯುತ್ತದೆ, ಹಾಗಾಗಿ ಪೂರ್ತಿ ಮಂಪರೇ ಬೇಕು. ಅದೂ ನಾನು ಕೈ ತೊಳೆದು, ಹೊಟ್ಟೆಗೆ ಬೆಟಾಡಿನ್ ಹಚ್ಚಿ, ಬಟ್ಟೆ ಹೊದಿಸಿ, ಚಾಕು ಹಿಡಿದು ನಿಂತ ಮೇಲೆಯೇ. ಬಿಗಿಯಾಗಿದ್ದ ಹೊಟ್ಟೆಯ ಸ್ನಾಯು ಸಡಿಲವಾದ ಕೂಡಲೇ ರಕ್ತ ಹೋಗುವುದು ಜೋರಾಗಬಹುದು. ಒಳಪೊರೆ ಕಂಡಾಗಲೇ ನೀಲಿಯಾಗಿತ್ತು. ಅದನ್ನು ಕತ್ತರಿಸಿದರೆ ರಕ್ತ ಅಂಚಿನವರೆಗೆ ಬಂತು.

ಹೊಸಬರು ಇಲ್ಲಿ ಸಕ್ಷನ್ ಹಾಕಿ ರಕ್ತ ಎಳೆಯಲು ನಿಲ್ಲುತ್ತಾರೆ. ಅದು ಬೇಡ. ತುಂಬಿದ ಬಾವಿಯಲ್ಲಿ ಬಿದ್ದ ಕೊಡ ತೆಗೆಯಲು ಯಾರಾದರೂ ನೀರೆಲ್ಲ ಸೇದಿ ಖಾಲಿ ಮಾಡುತ್ತಾರಾ? ಕಣ್ಣಿಗೆ ಏನೂ ಕಾಣದಿದ್ದರೂ ಪರವಾಗಿಲ್ಲ, ಕೈ ನೇರ ಕೆಳಗೆ ಇಳಿಯಬೇಕು. ಗಟ್ಟಿಯಾಗಿ ಸಿಗುವುದು ಗರ್ಭಕೋಶ. ಅದನ್ನು ಹಿಡಿದು ಮೇಲೆತ್ತಿದರೆ ಎರಡೂ ಟ್ಯೂಬು ಜೊತೆಗೇ ಬರುತ್ತವೆ. ಒಡೆದ ಜಾಗವನ್ನು ಬೆರಳಲ್ಲಿ ಅದುಮಿ, ರಕ್ತ ನಿಲ್ಲುವಂತೆ ಕಚ್ಚಿ ಹಿಡಿಯುವ ಇಕ್ಕಳ, ಕ್ಲಾಂಪ್, ಹಾಕಿದೆ. "ಸರ್, ಹಿಡಿದಾಯ್ತು" ಅಂದೆ. ಅನಸ್ತೇಸಿಯಾ ಡಾಕ್ಟರಿಗೆ ಆ ಮಾತೇ ಬೇಕಿತ್ತು. ರಕ್ತ ಏರಿಸಲು, ಬಿಪಿ ಮೇಲೆ ತರಲು ಈಗ ಅವರಿಗೆ ಸಮಯ. ಆಮೇಲೆ ಯಾವುದಕ್ಕೂ ಅವಸರವಿಲ್ಲ.

ಟ್ಯೂಬನ್ನು ಪೂರ್ತಿ ತೆಗೆದೆ. ತೆಗೆಯುವಾಗ ಟ್ಯೂಬಿಗೆ ಅಂಟಿಕೊಂಡೇ ಕ್ಲಾಂಪ್ ಹಾಕುತ್ತಾ ಹೋಗಬೇಕು, ಇಲ್ಲದಿದ್ದರೆ ಅಂಡಾಶಯಕ್ಕೆ ಹೋಗುವ ರಕ್ತನಾಳಕ್ಕೆ ಪೆಟ್ಟು. ಆಮೇಲೆ ಇನ್ನೊಂದು ಟ್ಯೂಬು ಹೇಗಿದೆ ನೋಡಿ ಕೇಸ್ ಶೀಟಿನಲ್ಲಿ ಬರೆಯಬೇಕು. ಮುಂದಿನ ಬಸಿರಿನ ಬಗ್ಗೆ ಅವಳಿಗೆ ಏನು ಹೇಳಬಹುದು ಅನ್ನುವುದು ಅದರ ಮೇಲೆಯೇ ನಿಂತಿದೆ. ಗಡ್ಡೆಗಟ್ಟಿದ ರಕ್ತ ಬಾಚಿ ತೆಗೆದು, ಬೆಚ್ಚಗಿನ ಸಲೈನಿನಲ್ಲಿ ತೊಳೆದು ಹೊಲಿದೆವು. ತೆಗೆದ ಟ್ಯೂಬು ಬಯಾಪ್ಸಿಗೆ ಹೋಯಿತು.

ಟ್ಯೂಬು ಸೀಳಿ ಬಸಿರನ್ನಷ್ಟೇ ತೆಗೆಯಬಹುದಿತ್ತಲ್ಲ ಅಂತ ಕೆಲವರು ಕೇಳುತ್ತಾರೆ. ಇನ್ನೊಂದು ಟ್ಯೂಬು ಚೆನ್ನಾಗಿದ್ದರೆ ಹಾಗೆ ಉಳಿಸಿದ್ದರಿಂದ ಮುಂದೆ ಬಸಿರಾಗುವ ಅವಕಾಶ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ ಅಂತ 2014ರಲ್ಲಿ ಬಂದ ಯುರೋಪಿನ ದೊಡ್ಡ ಅಧ್ಯಯನ ತೋರಿಸಿತು. ಒಡೆದ ಟ್ಯೂಬನ್ನು ತೆಗೆದು ಜೀವ ಉಳಿಸಿದ್ದನ್ನು ಬರ್ಮಿಂಗ್‌ಹ್ಯಾಮಿನ ಲಾಸನ್ ಟೇಟ್ 1883ರಲ್ಲೇ ಮಾಡಿ ತೋರಿಸಿದ್ದರು. ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವ ಲ್ಯಾಪರೊಸ್ಕೋಪಿ ಒಳ್ಳೆಯದೇ, ಗಟ್ಟಿಯಾಗಿರುವ ರೋಗಿಗೆ. ಪಲ್ಸ್ ಓಡುತ್ತಿರುವಾಗ ನನಗೆ ಗೊತ್ತಿರುವ ವೇಗದ ದಾರಿ ಹೊಟ್ಟೆ ತೆರೆಯುವುದು.

ಒಡೆಯುವ ಮುಂಚೆ ಸಿಕ್ಕವರಿಗೆ ಬಸಿರಿನ ಬೆಳವಣಿಗೆ ನಿಲ್ಲಿಸುವ ಮೆಥೊಟ್ರೆಕ್ಸೇಟ್ ಇಂಜೆಕ್ಷನ್ ಇದೆ. ಬೀಟಾ ಎಚ್‌ಸಿಜಿ ಅನ್ನುವ ಬಸಿರಿನ ಹಾರ್ಮೋನು ಕಡಿಮೆ ಇರಬೇಕು, ಹೃದಯಬಡಿತ ಕಾಣಬಾರದು. ನಾಲ್ಕನೇ ದಿನ ಮತ್ತು ಏಳನೇ ದಿನ ರಕ್ತ ಪರೀಕ್ಷೆಗೆ ಬರಲೇಬೇಕು. ಈ ಎರಡು ದಿನಗಳ ನಡುವೆ ಆ ಹಾರ್ಮೋನು ಶೇ 15ರಷ್ಟಾದರೂ ಇಳಿಯದಿದ್ದರೆ ಮತ್ತೆ ಯೋಚಿಸಬೇಕು. ದಿನಕ್ಕೆ ಎರಡೇ ಬಸ್ಸು ಬರುವ ಹಳ್ಳಿಯವರಿಗೆ ಇದನ್ನು ಕೊಟ್ಟು ಮನೆಗೆ ಕಳಿಸಲು ನನಗೆ ಧೈರ್ಯ ಬರುವುದಿಲ್ಲ. ವಾರ್ಡಿನಲ್ಲೇ ಇರಿಸಿಕೊಳ್ಳುತ್ತೇನೆ.

ಭುಜ ಹಿಡಿದುಕೊಂಡು ಬಂದಿದ್ದವಳ ರಕ್ತದ ಗುಂಪು ನೆಗೆಟಿವ್ ಆಗಿತ್ತು, ಮುಂದಿನ ಬಸಿರಿಗೆ ತೊಂದರೆಯಾಗದಂತೆ ಆಂಟಿ-ಡಿ ಇಂಜೆಕ್ಷನ್ ಕೊಟ್ಟೆವು. ಡಿಸ್ಚಾರ್ಜ್ ದಿನ ಗಂಡನನ್ನೂ ಕೂರಿಸಿಕೊಂಡು ಹೇಳಿದೆ: ಒಂದು ಸಲ ಹೀಗಾದವರಿಗೆ ಮತ್ತೆ ಆಗುವ ಸಾಧ್ಯತೆ ಹತ್ತರಲ್ಲೊಂದು. ಮುಂದಿನ ಸಲ ಮುಟ್ಟು ತಪ್ಪಿದ ಕೂಡಲೇ ಬನ್ನಿ, ಆರನೇ ವಾರಕ್ಕೆ ಸ್ಕ್ಯಾನ್ ಮಾಡೋಣ. ಅದನ್ನೇ ಚೀಟಿಯ ಮೇಲೆ ಕನ್ನಡದಲ್ಲಿ ದಪ್ಪಗೆ ಬರೆದು, ಯಾವ ಕಡೆಯ ಟ್ಯೂಬು ತೆಗೆದಿದೆ ಅನ್ನುವುದನ್ನೂ ಸೇರಿಸಿದೆ.