"ಕೈಗೆ ಎಷ್ಟು ಬರುತ್ತೆ ಮೇಡಂ?": ಸಂಬಳದ ಲೆಕ್ಕವನ್ನು ನಾನು ತಿರುಗಿಸಿ ಹಾಕಿದ್ದು

ಪೀಣ್ಯ ಎರಡನೇ ಹಂತದ ಒಂದು ಮೆಷಿನ್ ಶಾಪ್‌ನಲ್ಲಿ ಹನ್ನೊಂದು ವರ್ಷದಿಂದ ಸಂಬಳದ ಲೆಕ್ಕ ನನ್ನದೇ. ನಲವತ್ತರ ಆಸುಪಾಸು ಜನ ಇದ್ದಾರೆ. ಸೇರಲು ಬಂದವರು ಯಾರೂ ಸಿಟಿಸಿ, ಅಂದರೆ ಕಂಪನಿಗೆ ವರ್ಷಕ್ಕೆ ಬೀಳುವ ಒಟ್ಟು ಖರ್ಚು, ಕೇಳುವುದಿಲ್ಲ. ಕೈಗೆ ಎಷ್ಟು ಬರುತ್ತೆ, ಅಷ್ಟೇ ಅವರ ಪ್ರಶ್ನೆ.

ಹಾಸನದಿಂದ ಬಂದ ಒಬ್ಬ ಹುಡುಗನಿಗೆ 4.16 ಲಕ್ಷ ಸಿಟಿಸಿಯ ಆಫರ್ ಲೆಟರ್ ಕೊಟ್ಟಿದ್ದೆವು. ಅವನು 12ರಿಂದ ಭಾಗಿಸಿ, ತಿಂಗಳಿಗೆ 34,700 ಬರುತ್ತದೆ ಅಂದುಕೊಂಡು ದಾಸರಹಳ್ಳಿಯಲ್ಲಿ ಮನೆ ಹಿಡಿದ. ಮೊದಲ ತಿಂಗಳು ಕೈಗೆ ಬಂದದ್ದು 30,000. ಗ್ರಾಸ್, ಅಂದರೆ ಕಡಿತಕ್ಕೆ ಮುಂಚಿನ ಸಂಬಳ, 32,000; ಅದರಲ್ಲಿ ಪಿಎಫ್ 1,800, ಪ್ರೊಫೆಷನಲ್ ಟ್ಯಾಕ್ಸ್ 200 ಕಡಿತ. ಸಿಟಿಸಿಯಲ್ಲಿ ಉಳಿದದ್ದೆಲ್ಲ ಕಂಪನಿ ಪಾಲಿನ ಪಿಎಫ್, ಅದರ ಚಾರ್ಜು ಮತ್ತು ಗ್ರಾಚ್ಯುಯಿಟಿ. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಎರಡು ತಿಂಗಳಲ್ಲಿ ಅವನು ಕೆಲಸ ಬಿಟ್ಟ. ಅವನು ಹೋದದ್ದು ನನಗೆ ತುಂಬಾ ಬೇಜಾರಾಯಿತು.

ಆಗಲೇ ತೀರ್ಮಾನ ಮಾಡಿದೆ: ಮೊದಲು ಕೈಗೆ ಬರುವ ಮೊತ್ತ ಒಪ್ಪಿಕೊಳ್ಳುವುದು, ಅಲ್ಲಿಂದ ಹಿಂದಕ್ಕೆ ಗ್ರಾಸ್‌ಗೆ ಹೋಗುವುದು. ನಮ್ಮ ಆಡಿಟರ್ "ಆಗಲ್ಲಮ್ಮ, ಸುಮ್ನೆ ಸಾಫ್ಟ್‌ವೇರ್ ತಗೊಳ್ಳಿ" ಅಂದರು. ಕೇಳಿದ ಕಡೆ ತಲೆಗೆ ತಿಂಗಳಿಗೆ ನೂರರ ಹತ್ತಿರ ಹೇಳಿದರು. ವರ್ಷಕ್ಕೆ 48,000 ಆಗುತ್ತಿತ್ತು. ಮಾಲೀಕರು ಒಪ್ಪಲಿಲ್ಲ. ನನಗೆ ಉಳಿದದ್ದು ಎಕ್ಸೆಲ್.

ಮೊದಲು ಅದರಲ್ಲಿರುವ ಗೋಲ್ ಸೀಕ್, ಅಂದರೆ ಉತ್ತರ ಕೊಟ್ಟರೆ ಹಿಂದಿನ ಸಂಖ್ಯೆ ಹುಡುಕಿಕೊಡುವ ಸೌಲಭ್ಯ, ಹಾಕಿ ನೋಡಿದೆ. ಕೆಲವು ಮೊತ್ತಕ್ಕೆ ತಕ್ಷಣ ಉತ್ತರ ಕೊಡುತ್ತಿತ್ತು, ಕೆಲವಕ್ಕೆ ಏನೇನೋ ಕೊಡುತ್ತಿತ್ತು. ಕಾರಣ ಹುಡುಕಲು ಮೂರು ಭಾನುವಾರ ಹಿಡಿಯಿತು. ತಪ್ಪು ನನ್ನ ಶೀಟಿನದಲ್ಲ. ಕೆಲವು ಮೊತ್ತಕ್ಕೆ ಉತ್ತರವೇ ಇಲ್ಲ!

ನಮ್ಮಲ್ಲಿ ಬೇಸಿಕ್ (ಮೂಲ ವೇತನ) ಯಾರಿಗೂ 15,000ಕ್ಕೆ ಕಡಿಮೆ ಇಲ್ಲ. ಪಿಎಫ್ ಹಿಡಿಯುವುದು 15,000ದ ಮೇಲೆ ಮಾತ್ರ. ಹಾಗಾಗಿ ಪೂರ್ತಿ ತಿಂಗಳು ಬಂದವರಿಗೆಲ್ಲ ಪಿಎಫ್ 1,800. ಈಗ ಗ್ರಾಸ್ 21,000 ಇದ್ದರೆ ಇಎಸ್‌ಐ (ಕೆಲಸಗಾರರ ಆರೋಗ್ಯ ವಿಮೆ) 0.75%, ಅಂದರೆ 158 ರೂಪಾಯಿ ಹೋಗಿ ಕೈಗೆ 19,042. ಗ್ರಾಸ್ 21,001 ಆದರೆ ಇಎಸ್‌ಐ ಇಲ್ಲ, ಕೈಗೆ 19,201. ಹೊಸದಾಗಿ ಸೇರಿ ಪೂರ್ತಿ ತಿಂಗಳು ಬಂದವರ ಕೈಗೆ ಇವೆರಡರ ನಡುವಿನ ಯಾವ ಮೊತ್ತವೂ ಬರಲು ಸಾಧ್ಯವಿಲ್ಲ. "19,100 ಮಾಡಿಕೊಡಿ" ಅಂದರೆ ಎಲ್ಲಿಂದ ಕೊಡುವುದು?

25,000ದ ಹತ್ತಿರ ಇದರ ಉಲ್ಟಾ. 24,999ಕ್ಕೆ ಕೈಗೆ 23,199. ಒಂದು ರೂಪಾಯಿ ಜಾಸ್ತಿ ಮಾಡಿದರೆ ಪ್ರೊಫೆಷನಲ್ ಟ್ಯಾಕ್ಸ್ ಬಿದ್ದು 23,000. ಹೆಚ್ಚು ಕಡಿಮೆ 25,200ರವರೆಗೆ ಅದೊಂದು ಹಳ್ಳ. ನಮ್ಮಲ್ಲಿ ಈಗ ಯಾರ ಗ್ರಾಸ್ ಕೂಡ ಆ ಹಳ್ಳದಲ್ಲಿಲ್ಲ.

ಹಾಗಾಗಿ ಗೋಲ್ ಸೀಕ್ ಬಿಟ್ಟೆ. ಮೂರು ಕಾಲಂ ಮಾಡಿದೆ. ಇಎಸ್‌ಐ ಇರುವವರಿಗೆ ಕೈಗೆ ಬರುವುದಕ್ಕೆ 1,800 ಕೂಡಿಸಿ 0.9925ರಿಂದ ಭಾಗಿಸುವುದು. ನಡುವಿನವರಿಗೆ ಬರೀ 1,800 ಕೂಡಿಸುವುದು. ಮೇಲಿನವರಿಗೆ 2,000 ಕೂಡಿಸುವುದು. ಬಂದ ಉತ್ತರ ಅದರದೇ ಮಿತಿಯೊಳಗೆ ಬಿದ್ದರೆ ಆ ಕಾಲಂ ಸರಿ. ನಾಲ್ಕನೆಯದೊಂದು ಕಾಲಂ ಇದೆ, ಓಟಿ ಮತ್ತು ಗೈರುಹಾಜರಿ ಎರಡೂ ಒಂದೇ ತಿಂಗಳಲ್ಲಿ ಬಂದಾಗ ರೌಂಡಿಂಗ್ ಹಿಡಿಯುವುದಕ್ಕೆ. ಅದು ನನ್ನ ಹತ್ತಿರವೇ ಇರಲಿ.

ಇಷ್ಟಾದರೂ ದುಡ್ಡು ಕಳೆದೆ. ಒಂದು ಜುಲೈನಲ್ಲಿ ಆರು ಜನರ ಗ್ರಾಸ್ 20,500ರಿಂದ 22,000ಕ್ಕೆ ಏರಿತು. ಮಿತಿ ದಾಟಿತಲ್ಲ ಅಂತ ನಾನು ಇಎಸ್‌ಐ ನಿಲ್ಲಿಸಿದೆ. ಹಾಗೆ ಮಾಡುವಂತಿಲ್ಲ. ಕಾಂಟ್ರಿಬ್ಯೂಷನ್ ಪೀರಿಯಡ್, ಅಂದರೆ ಇಎಸ್‌ಐ ಕಟ್ಟುವ ಅವಧಿ, ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ನಡುವೆ ಏರಿದರೂ ಆ ಅವಧಿ ಮುಗಿಯುವವರೆಗೆ ಪೂರ್ತಿ ಸಂಬಳದ ಮೇಲೆ ಕಟ್ಟಲೇಬೇಕು. ಮೂರು ತಿಂಗಳಿಗೆ ಎರಡೂ ಪಾಲು ಸೇರಿ 16,000ದ ಹತ್ತಿರ, ಮೇಲೆ 12% ಬಡ್ಡಿ. ಕೆಲಸಗಾರರ ಪಾಲನ್ನು ಆಮೇಲಿನ ಸಂಬಳದಿಂದ ಹಿಡಿಯಲು ಕಾನೂನು ಬಿಡುವುದಿಲ್ಲ, ಅದೂ ಕಂಪನಿಗೇ ಬಿತ್ತು. ಮಾಲೀಕರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಈಗ ನಮ್ಮಲ್ಲಿ ಇನ್ಕ್ರಿಮೆಂಟ್ ಏಪ್ರಿಲ್ ಅಥವಾ ಅಕ್ಟೋಬರ್‌ನಲ್ಲಿ ಮಾತ್ರ. ಓಟಿಯದೂ ನೆನಪಿಡಿ: 21,000ದ ಮಿತಿಗೆ ಅದನ್ನು ಸೇರಿಸುವುದಿಲ್ಲ, ಕಾಂಟ್ರಿಬ್ಯೂಷನ್‌ಗೆ ಮಾತ್ರ ಆಗ ಸೇರಿಸಬೇಕಿತ್ತು.

ಎಲ್ಲರಿಗೂ ಇಎಸ್‌ಐ ತಪ್ಪಿದರೆ ಖುಷಿ ಅಂತಲ್ಲ. ರಾಯಚೂರಿನ ಒಬ್ಬ ಟರ್ನರ್, ತಾಯಿಗೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿತ್ತು. "ಮೇಡಂ, ನನಗೆ ಸಂಬಳ ಏರಿಸಬೇಡಿ" ಅಂದ. ಅವನ ಲೆಕ್ಕವನ್ನು ಕಾನೂನಿನ ಒಳಗೇ ಸರಿಮಾಡಿದೆ. ಹೇಗೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಆ 158 ರೂಪಾಯಿ ಕೆಲವರಿಗೆ ಎಷ್ಟು ದೊಡ್ಡದು ಅಂತ ಅವತ್ತು ಗೊತ್ತಾಯಿತು.

ಟಿಡಿಎಸ್, ಅಂದರೆ ಸಂಬಳದಲ್ಲೇ ಹಿಡಿಯುವ ಆದಾಯ ತೆರಿಗೆ, ನಮ್ಮಲ್ಲಿ ಇಬ್ಬರು ಮೂವರಿಗೆ ಮಾತ್ರ. ಅಲ್ಲೂ ಒಂದು ಪಾಠ ಕಲಿತೆ. 2025ರ ಅಕ್ಟೋಬರ್‌ನಲ್ಲಿ ಡಿಸೈನ್ ಹೆಡ್ ಸೇರಿದರು. ಹಳೆಯ ಕಡೆ ತಿಂಗಳಿಗೆ 1 ಲಕ್ಷ, ನಮ್ಮಲ್ಲಿ 1.25 ಲಕ್ಷ. ಅಲ್ಲಿ ವರ್ಷಕ್ಕೆ 12 ಲಕ್ಷ ಅಂತ ತೆರಿಗೆ ಇಲ್ಲ. ನಮ್ಮಲ್ಲಿ ಆರು ತಿಂಗಳಿಗೆ 7.5 ಲಕ್ಷ, ತೆರಿಗೆ ಇಲ್ಲ. ಅಲ್ಲಿನ ಆರು ತಿಂಗಳ 6 ಲಕ್ಷವನ್ನೂ ಸೇರಿಸಿದರೆ 13.5 ಲಕ್ಷ, ಹೊಸ ರೆಜೀಮ್‌ನಲ್ಲಿ ತೆರಿಗೆ ಬೀಳದ 12.75 ಲಕ್ಷದ ಮಿತಿ ದಾಟಿತು. ಸುಮಾರು 74,000 ತೆರಿಗೆ. ಗೊತ್ತಾದದ್ದು ಫೆಬ್ರವರಿಯಲ್ಲಿ, ಎರಡೇ ತಿಂಗಳಲ್ಲಿ ಹಿಡಿಯಬೇಕಾಯಿತು. ಪಾಪ, ಅವರು ಇಎಂಐ ಕಟ್ಟುತ್ತಿದ್ದರು. ಈಗ ಸೇರುವ ದಿನವೇ ಹಳೆಯ ಕಡೆಯ ಸಂಬಳ ತಿಳಿಸುವ ಫಾರ್ಮ್ ಕೈಗೆ ಕೊಡುತ್ತೇನೆ.

ಸಂಬಳದ ಚೀಟಿಯನ್ನೂ ಕನ್ನಡಕ್ಕೆ ಮಾಡಿದೆ. ಮೊದಲ ಸಾಲು ದೊಡ್ಡ ಅಕ್ಷರದಲ್ಲಿ 'ಕೈಗೆ ಬರುವುದು', ಕಡಿತಗಳೆಲ್ಲ ಅದರ ಕೆಳಗೆ. ಈಗ ಫೆಬ್ರವರಿಯಲ್ಲಿ ಪ್ರೊಫೆಷನಲ್ ಟ್ಯಾಕ್ಸ್ 300 ಅಲ್ವಾ? ಜನವರಿ ಚೀಟಿಯಲ್ಲೇ 'ಮುಂದಿನ ತಿಂಗಳು 100 ಕಡಿಮೆ' ಅಂತ ಹಾಕಿದ್ದೆ. ಫೆಬ್ರವರಿ ಸಂಬಳ ಬಂದ ದಿನ ಆ 100 ರೂಪಾಯಿ ಕೇಳಲು ಯಾರೂ ಬರಲಿಲ್ಲ. ಒಬ್ಬ ಆಪರೇಟರ್ ಮಾತ್ರ ತಮ್ಮನಿಗೆ ಬೇರೆ ಕಡೆ ಸಿಕ್ಕ ಆಫರ್ ಲೆಟರ್ ತಂದು ತೋರಿಸಿದ. ಅದರಲ್ಲಿ ಬೇಸಿಕ್ ಎಷ್ಟು ಅಂತಲೇ ಇರಲಿಲ್ಲ. ಮೊದಲು ಅದನ್ನು ಕೇಳಿಕೊಂಡು ಬರಲು ಕಳಿಸಿದೆ.